ಚಿಪ್ ಕಿರಿದಾದ ಮಾತ್ರಕ್ಕೆ ವೇಗ ಬರುವುದೇ?

ಕಂಪ್ಯೂಟರ್ ಕಿರಿದಾದಂತೆಲ್ಲ ತಾನಾಗಿಯೇ ಚುರುಕಾಗುತ್ತದೆ, ಎರಡು ವರ್ಷಕ್ಕೊಮ್ಮೆ ಅದರ ವೇಗ ಇಮ್ಮಡಿಯಾಗುತ್ತದೆ, ಅದೇ ‘ಮೂರ್ ನಿಯಮ’ ಎಂದು ಓದಿಕೊಂಡವರೂ ನಂಬಿದ್ದಾರೆ. 1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಕಂಪ್ಯೂಟರ್ ಸುಮಾರು 30 ಟನ್ ತೂಗುತ್ತಿತ್ತು. ಹತ್ತಿರಹತ್ತಿರ 18,000 ನಿರ್ವಾತ ಕೊಳವೆಗಳನ್ನು ಉರಿಸಿ ಅದು ಸೆಕೆಂಡಿಗೆ ಮಾಡುತ್ತಿದ್ದದ್ದು 5,000 ಕೂಡುವ ಲೆಕ್ಕ. ಇಂದು ಅಂಗೈಯಲ್ಲಿ ಕೂರುವ ಫೋನನ್ನು ಅದರ ಪಕ್ಕದಲ್ಲಿಟ್ಟರೆ ಇಂಥ ನಂಬಿಕೆ ಹುಟ್ಟುವುದು ಸಹಜವೇ. ಆದರೆ 1965ರಲ್ಲಿ ಗಾರ್ಡನ್ ಮೂರ್ ಬರೆದದ್ದು ವೇಗದ ವಿಚಾರವನ್ನಲ್ಲ. ಮಿತವ್ಯಯದಲ್ಲಿ ಒಂದು ಚಿಪ್‌ನಲ್ಲಿ ಕೂರಿಸಬಹುದಾದ ಬಿಡಿಭಾಗಗಳ ಸಂಖ್ಯೆ ಇನ್ನೊಂದು ದಶಕ ವರ್ಷಕ್ಕೊಮ್ಮೆ ಇಮ್ಮಡಿಯಾದೀತು ಎಂಬುದಷ್ಟೇ ಅವರ ಅಂದಾಜು. 1975ರಲ್ಲಿ ಅದನ್ನು ಅವರೇ ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ನಿಸರ್ಗದ ನಿಯಮವನ್ನು ಯಾರೂ ಹೀಗೆ ತಿದ್ದಲಾರರು. ಚಿಪ್ ಉದ್ಯಮ ತನ್ನ ಮುಂದಿಟ್ಟುಕೊಂಡು, ಅಪಾರ ಹಣವನ್ನೂ ಬುದ್ಧಿಯನ್ನೂ ಸುರಿದು ಮುಟ್ಟಿದ ಗುರಿ ಅದು.

ಹಾಗಾದರೆ ಕಿರಿದಾಗುವುದಕ್ಕೂ ವೇಗಕ್ಕೂ ನಂಟೇ ಇಲ್ಲವೇ? ಇತ್ತು, ಅದಕ್ಕೆ ಬೇರೆಯೇ ಕಾರಣವಿತ್ತು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ವಿಷಯ ತೋರಿಸಿಕೊಟ್ಟರು: ಟ್ರಾನ್ಸಿಸ್ಟರಿನ ಅಳತೆಯನ್ನು ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಅದು ಇನ್ನೂ ವೇಗವಾಗಿ ಕೆಲಸ ಮಾಡುತ್ತದೆ, ಚಿಪ್ ಮಾತ್ರ ಮೊದಲಿಗಿಂತ ಹೆಚ್ಚು ಕಾಯುವುದಿಲ್ಲ. ಮೂವತ್ತು ವರ್ಷ ಈ ಲೆಕ್ಕ ಕೈಹಿಡಿಯಿತು. 1971ರ ಇಂಟೆಲ್ 4004 ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು, ಅದರ ವೇಗ 1 ಮೆಗಾಹರ್ಟ್ಸ್‌ಗಿಂತ ಕಡಿಮೆ. 2004ರ ಪೆಂಟಿಯಂ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್. ಅಲ್ಲಿಗೆ ಓಟ ನಿಂತಿತು. ಏಕೆಂದರೆ ಆ ಹೊತ್ತಿಗೆ ಟ್ರಾನ್ಸಿಸ್ಟರಿನೊಳಗೆ ವಿದ್ಯುತ್ತನ್ನು ತಡೆಯಬೇಕಾದ ಸಿಲಿಕಾನ್ ಡೈಆಕ್ಸೈಡ್ ಪದರ ಸುಮಾರು 1.2 ನ್ಯಾನೋಮೀಟರಿಗೆ, ಎಂದರೆ ನಾಲ್ಕೈದು ಅಣುಗಳಷ್ಟು ದಪ್ಪಕ್ಕೆ ಬಂದಿತ್ತು. ಅಷ್ಟು ತೆಳುವಾದ ಗೋಡೆಯನ್ನು ಎಲೆಕ್ಟ್ರಾನುಗಳು ದಾಟಿಬಿಡುತ್ತವೆ. ವೋಲ್ಟೇಜನ್ನು ಇನ್ನೂ ಇಳಿಸಹೋದರೆ ‘ಆಫ್’ ಆಗಿರಬೇಕಾದ ಟ್ರಾನ್ಸಿಸ್ಟರ್ ಕೂಡ ಸೋರತೊಡಗುತ್ತದೆ. ಇಳಿಸದಿದ್ದರೆ ಚಿಪ್ ಕಾದು ಕೆಂಡವಾಗುತ್ತದೆ. 2007ರಲ್ಲಿ ಹ್ಯಾಫ್ನಿಯಂ ಬೆರೆತ ಹೊಸ ಪದರ ಬಂದು ಸೋರಿಕೆ ತಗ್ಗಿತು, ಬಿಸಿಯ ಮಿತಿ ಹಾಗೆಯೇ ಉಳಿಯಿತು. ಎರಡು ದಶಕ ಕಳೆದರೂ ಅತ್ಯಂತ ವೇಗದ ಚಿಪ್‌ಗಳು 6 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇರುವುದಕ್ಕೆ ಇದೇ ಕಾರಣ.

ಹೊಸ ಫೋನು ಹಳೆಯದಕ್ಕಿಂತ ಚುರುಕಾಗಿರುವುದು ಕಣ್ಣಿಗೇ ಕಾಣುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಚುರುಕಿನ ಮೂಲ ಮಾತ್ರ ಬೇರೆ. ಹೆಚ್ಚುವರಿ ಟ್ರಾನ್ಸಿಸ್ಟರುಗಳಿಂದ ಲೆಕ್ಕ ಮಾಡುವ ಹಲವು ಕೋರ್‌ಗಳನ್ನು, ಚಿತ್ರಕ್ಕೊಂದು ವಿಡಿಯೋಗೊಂದು ಎಂದು ಪ್ರತ್ಯೇಕ ಘಟಕಗಳನ್ನು ಕಟ್ಟಿದ್ದಾರೆ. ಪ್ರತಿ ಕೋರ್ ಚಿಪ್‌ನ ಗಡಿಯಾರದ ಒಂದು ಬಡಿತದಲ್ಲಿ ಹೆಚ್ಚು ಕೆಲಸ ಮುಗಿಸುವಂತೆ ವಿನ್ಯಾಸ ತಿದ್ದಿದ್ದಾರೆ. ಇದಕ್ಕೂ ಮಿತಿಯುಂಟು: ಒಂದಾದ ಮೇಲೊಂದು ನಡೆಯಲೇಬೇಕಾದ ಲೆಕ್ಕಕ್ಕೆ ಕೋರ್‌ಗಳು ಎಷ್ಟಿದ್ದರೂ ಪ್ರಯೋಜನವಿಲ್ಲ. ಹೆಪ್ಪು ಹಾಕಿದ ಹಾಲು ಮನೆಯಲ್ಲಿ ಹತ್ತು ಜನರಿದ್ದಾರೆಂದು ಬೇಗ ಮೊಸರಾಗದು. ಚಿಪ್ ಜಾಹೀರಾತಿನ ‘5 ನ್ಯಾನೋಮೀಟರ್’ ಕೂಡ ಅಳತೆಯಲ್ಲ, ಒಂದು ತಲೆಮಾರಿನ ಹೆಸರಷ್ಟೇ. ಅಂಥ ಚಿಪ್‌ನಲ್ಲಿ ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರ್ ಗೇಟುಗಳ ನಡುವಣ ಅಂತರವೇ ಸುಮಾರು 50 ನ್ಯಾನೋಮೀಟರ್.

ಇನ್ನು, ಕೋಣೆ ತುಂಬುವ ಕಂಪ್ಯೂಟರುಗಳ ಕಾಲ ಮುಗಿಯಿತು ಎಂಬ ಮಾತು. ಅವು ಎಲ್ಲಿಗೂ ಹೋಗಿಲ್ಲ, ಇನ್ನೂ ಬೆಳೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸಾಲು ಸಾಲು ಕಪಾಟುಗಳ ಯಂತ್ರ. ಅದೇ ವರ್ಷ ಅಮೆರಿಕದ ಓಕ್ ರಿಜ್‌ನಲ್ಲಿ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕವನ್ನು ದಾಟಿದ ಫ್ರಾಂಟಿಯರ್ ಎಳೆದದ್ದು ಸುಮಾರು 21 ಮೆಗಾವಾಟ್, ಎನಿಯಾಕ್‌ನ 150 ಕಿಲೋವಾಟಿನ 140 ಪಟ್ಟು. ಫೋನಿನಲ್ಲಿ ನಾವು ಹುಡುಕುವ ಉತ್ತರ, ನೋಡುವ ನಕ್ಷೆ ಎಲ್ಲವೂ ದೂರದ ದತ್ತಾಂಶ ಕೇಂದ್ರಗಳ ಇಂಥದೇ ಕಪಾಟುಗಳಿಂದ ಬರುತ್ತವೆ. ನಿಜವಾಗಿ ಕುಗ್ಗಿರುವುದು ಒಂದೊಂದು ಲೆಕ್ಕಕ್ಕೆ ತಗಲುವ ವಿದ್ಯುತ್ತು. ಫ್ರಾಂಟಿಯರ್‌ನ ಕೆಲಸವನ್ನು ಎನಿಯಾಕ್‌ನ ದರದಲ್ಲಿ ಮಾಡಿಸಹೊರಟರೆ ಭೂಮಿಯ ಮೇಲಿನ ಅಷ್ಟೂ ವಿದ್ಯುತ್ ಸ್ಥಾವರಗಳು ಸೇರಿದರೂ ಸಾಲವು.