ಎದುರುಗಾಳಿಗೆ ಎಷ್ಟು ಪೆಟ್ರೋಲು?

ಮುಂಗಾರಿನ ದಿನಗಳಲ್ಲಿ ಗದಗ ಜಿಲ್ಲೆಯ ಗಜೇಂದ್ರಗಡದ ಕಡೆ ಹೋದರೆ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ದೂರದಿಂದಲೇ ಕಾಣುತ್ತವೆ. ಗಾಳಿಯಿಂದ ವಿದ್ಯುತ್ ತೆಗೆಯುವವರಿಗೆ ಆಷಾಢ ಸುಗ್ಗಿಯ ಕಾಲ. ಆದರೆ ಅದೇ ಗಾಳಿಯನ್ನು ಎದೆಯಲ್ಲಿ ಎದುರಿಸುತ್ತ ಪುರ್ತಗೇರಿ, ಗಜೇಂದ್ರಗಡ ಮತ್ತು ಸುತ್ತಲಿನ ಊರುಗಳಿಂದ ರೋಣಕ್ಕೆ ಬೈಕಿನಲ್ಲಿ ಓಡಾಡುವ ಶಿಕ್ಷಕರಿಗೆ, ನೌಕರರಿಗೆ, ವ್ಯಾಪಾರಿಗಳಿಗೆ ಅದು ಖರ್ಚಿನ ಕಾಲ. 'ಬೇಸಿಗೆಯಲ್ಲಿ ಚೆನ್ನಾಗಿದ್ದ ಮೈಲೇಜ್ ಈಗ ಬಿದ್ದುಹೋಗಿದೆ, ಎಂಜಿನ್ನಿನಲ್ಲಿ ಏನೋ ದೋಷವಿದೆ' ಎಂದು ಕೆಲವರು ಮೆಕ್ಯಾನಿಕ್ ಬಳಿಗೆ ಹೋಗುತ್ತಾರೆ. ದೋಷ ನಿಜಕ್ಕೂ ಎಂಜಿನ್ನಿನದೇ? ಅಥವಾ ಗಾಳಿಯದೇ? ಲೆಕ್ಕ ಹಾಕಿ ನೋಡೋಣ. ಇದಕ್ಕೆ ಪ್ರೌಢಶಾಲೆಯ ಭೌತವಿಜ್ಞಾನ ಸಾಕು.

ನಕ್ಷೆಯನ್ನು ತೆರೆದು ನೋಡಿ. ಗಜೇಂದ್ರಗಡಕ್ಕೆ ರೋಣ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿದೆ. ನೈಋತ್ಯ ಮುಂಗಾರಿನ ಗಾಳಿ ಈ ಸೀಮೆಯಲ್ಲಿ ಬಹುಮಟ್ಟಿಗೆ ಪಶ್ಚಿಮದಿಂದ ಬೀಸುತ್ತದೆ. ರೋಣ, ನರಗುಂದದ ಕಡೆಯ ಎರೆ ನೆಲ ಬಯಲು ಬಯಲಾಗಿದ್ದು, ಗಾಳಿಯನ್ನು ತಡೆಯುವ ದಟ್ಟ ಮರಗಳ ಸಾಲು ಕಡಿಮೆ. ಹೀಗಾಗಿ ರೋಣಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಗಾಳಿಯ ಪರಿಣಾಮವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಬೈಕನ್ನು ತಡೆಯುವ ಬಲಗಳು

ಸಮತಟ್ಟಾದ ರಸ್ತೆಯಲ್ಲಿ ಏಕರೂಪ ವೇಗದಿಂದ ಸಾಗುವ ಬೈಕಿನ ಮೇಲಿನ ಒಟ್ಟು ಬಲ ಸೊನ್ನೆ. ಹಾಗಿದ್ದರೆ ಪೆಟ್ರೋಲು ಏಕೆ ಬೇಕು? ಹಿಂದಕ್ಕೆಳೆಯುವ ಬಲಗಳನ್ನು ಸರಿದೂಗಿಸಲು. ಇವುಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಉರುಳು ಘರ್ಷಣೆ. ನೆಲಕ್ಕೆ ತಾಗಿದ ಕಡೆ ಟೈರು ಚಪ್ಪಟೆಯಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ ಆಗುವಾಗ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಬೈಕು ಮತ್ತು ಸವಾರ ಸೇರಿ 200 ಕಿಲೋಗ್ರಾಂ ಎಂದು ಹಿಡಿಯಿರಿ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಉರುಳು ಘರ್ಷಣೆಯ ಗುಣಾಂಕ ಸುಮಾರು 0.015. ಆಗ ಈ ಬಲ 200 × 9.8 × 0.015, ಅಂದರೆ ಸುಮಾರು 30 ನ್ಯೂಟನ್. ವೇಗ ಹೆಚ್ಚಾದರೂ ಇದು ಅಷ್ಟಾಗಿ ಬದಲಾಗುವುದಿಲ್ಲ.

ಎರಡನೆಯದು ವಾಯುರೋಧ. ಇದರ ಸೂತ್ರ ಹೀಗಿದೆ:

ವಾಯುರೋಧ = ½ × ಗಾಳಿಯ ಸಾಂದ್ರತೆ × ರೋಧ ಗುಣಾಂಕ × ಎದುರು ಮುಖದ ವಿಸ್ತೀರ್ಣ × (ಗಾಳಿಗೆ ಸಾಪೇಕ್ಷವಾದ ವೇಗ)²

ನೆಟ್ಟಗೆ ಕುಳಿತ ಸವಾರನಿರುವ ಸಾಮಾನ್ಯ ಬೈಕಿಗೆ ರೋಧ ಗುಣಾಂಕ ಮತ್ತು ವಿಸ್ತೀರ್ಣಗಳ ಗುಣಲಬ್ಧವನ್ನು 0.6 ಚದರ ಮೀಟರ್ ಎಂದು ತೆಗೆದುಕೊಳ್ಳಬಹುದು. ಈ ಸೀಮೆ ಸಮುದ್ರ ಮಟ್ಟದಿಂದ ಅರ್ಧ ಕಿಲೋಮೀಟರಿಗಿಂತ ಎತ್ತರದಲ್ಲಿದೆ. ಆದ್ದರಿಂದ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿಲೋಗ್ರಾಂ. ಈ ಬೆಲೆಗಳನ್ನು ಹಾಕಿದರೆ ಸೂತ್ರ ಸರಳವಾಗುತ್ತದೆ: ವಾಯುರೋಧ = 0.33 × (ಸಾಪೇಕ್ಷ ವೇಗ)². ಇಲ್ಲಿ ವೇಗ ಸೆಕೆಂಡಿಗೆ ಮೀಟರುಗಳಲ್ಲಿರಬೇಕು.

ಸೂತ್ರದಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ವಾಯುರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ವೇಗ ಎರಡರಷ್ಟಾದರೆ ರೋಧ ನಾಲ್ಕರಷ್ಟಾಗುತ್ತದೆ. ಇನ್ನೊಂದು, ಇಲ್ಲಿನ ವೇಗ ಸ್ಪೀಡೋಮೀಟರ್ ತೋರಿಸುವ ವೇಗವಲ್ಲ. ಸ್ಪೀಡೋಮೀಟರಿಗೆ ತಿಳಿಯುವುದು ಚಕ್ರದ ತಿರುಗುವಿಕೆ ಮಾತ್ರ. ನಿಮ್ಮ ಎದೆಗೆ ಗಾಳಿ ಯಾವ ವೇಗದಿಂದ ಬಡಿಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಹೋಗುವಾಗ, ಬರುವಾಗ

ಈಗ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 15 ಮೀಟರಿನಂತೆ ಹೊರಡೋಣ. ಸವಾರನ ಎತ್ತರದಲ್ಲಿ ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಎಂದಿರಲಿ. ಎಲೆಗಳೂ ಸಣ್ಣ ರೆಂಬೆಗಳೂ ಎಡೆಬಿಡದೆ ಅಲುಗಾಡುತ್ತ, ಹಗುರವಾದ ಬಾವುಟ ಬಿಚ್ಚಿಕೊಂಡು ಹಾರುವಷ್ಟು ಗಾಳಿ ಇದು. ಬಿರುಗಾಳಿಯೇನಲ್ಲ.

ಗಾಳಿ ಇಲ್ಲದಾಗ: ಸಾಪೇಕ್ಷ ವೇಗ 15, ವಾಯುರೋಧ 74, ಒಟ್ಟು ಬಲ 104 ನ್ಯೂಟನ್.
ಎದುರುಗಾಳಿಯಲ್ಲಿ: ಸಾಪೇಕ್ಷ ವೇಗ 20, ವಾಯುರೋಧ 132, ಒಟ್ಟು ಬಲ 162 ನ್ಯೂಟನ್.
ಹಿಂಗಾಳಿಯಲ್ಲಿ: ಸಾಪೇಕ್ಷ ವೇಗ 10, ವಾಯುರೋಧ 33, ಒಟ್ಟು ಬಲ 63 ನ್ಯೂಟನ್.

ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. 104 ನ್ಯೂಟನ್ ಬಲದೊಂದಿಗೆ ಒಂದು ಕಿಲೋಮೀಟರ್ ಸಾಗಲು 104 ಕಿಲೋಜೌಲ್ ಬೇಕು. ಇಂದು ಬಂಕಿನಲ್ಲಿ ಸಿಗುವ, 20% ಎಥನಾಲ್ ಬೆರೆತ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 30 ಮೆಗಾಜೌಲ್ ಶಕ್ತಿ ಇದೆ. ಬರಿಯ ಪೆಟ್ರೋಲಿನಲ್ಲಿ ಸುಮಾರು 32 ಇರುತ್ತದೆ. ಈ ಶಕ್ತಿಯಲ್ಲಿ ಬಹುಪಾಲು ಎಂಜಿನ್ನಿನ ಶಾಖವಾಗಿ, ಹೊಗೆಯೊಂದಿಗೆ ಹೊರಟುಹೋಗುತ್ತದೆ. ಐದನೆಯ ಒಂದು ಭಾಗ ಚಕ್ರವನ್ನು ತಲಪುತ್ತದೆ ಎಂದು ಹಿಡಿದರೆ ಲೀಟರಿಗೆ 6,000 ಕಿಲೋಜೌಲ್ ನಮ್ಮ ಕೈಗೆ ದಕ್ಕುತ್ತದೆ.

ಇದನ್ನು ಭಾಗಿಸಿ ನೋಡಿ. ಗಾಳಿ ಇಲ್ಲದಾಗ ಲೀಟರಿಗೆ 58 ಕಿಲೋಮೀಟರ್, ಎದುರುಗಾಳಿಯಲ್ಲಿ 37, ಹಿಂಗಾಳಿಯಲ್ಲಿ 95. ಬೈಕು ಅದೇ, ಸವಾರ ಅದೇ, ರಸ್ತೆ ಅದೇ, ಸ್ಪೀಡೋಮೀಟರಿನ ಮುಳ್ಳೂ ಅದೇ ಜಾಗದಲ್ಲಿದೆ. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಂಜಿನ್ನಿನ ದಕ್ಷತೆ ಎಲ್ಲ ಹೊರೆಗಳಲ್ಲೂ ಒಂದೇ ಆಗಿರುವುದಿಲ್ಲ. ಹೊರೆ ಕಡಿಮೆಯಾದಾಗ ದಕ್ಷತೆಯೂ ಇಳಿಯುತ್ತದೆ. ಏಕೆಂದರೆ ಪಿಸ್ಟನ್ನಿನ ಘರ್ಷಣೆ, ಅರೆ ಮುಚ್ಚಿದ ಥ್ರಾಟಲಿನ ಮೂಲಕ ಗಾಳಿಯನ್ನು ಎಳೆದುಕೊಳ್ಳುವ ಶ್ರಮ ಇವು ಹೆಚ್ಚು ಕಡಿಮೆ ಹಾಗೇ ಉಳಿಯುತ್ತವೆ. ಆದ್ದರಿಂದ ನಿಜವಾದ ರಸ್ತೆಯಲ್ಲಿ 95 ಸಿಗುವುದು ಅಪರೂಪ, 37ಕ್ಕೆ ಇಳಿಯುವುದೂ ಅಪರೂಪ. ಅಂಕಿಗಳು ಒಂದಕ್ಕೊಂದು ಸ್ವಲ್ಪ ಹತ್ತಿರ ಬರುತ್ತವೆ. ಆದರೆ ಅವುಗಳ ಕ್ರಮ ಬದಲಾಗುವುದಿಲ್ಲ.

ಹೋಗುವಾಗಿನ ನಷ್ಟ ಬರುವಾಗ ತುಂಬುವುದೇ?

'ಹೋಗುವಾಗ ಗಾಳಿ ಕಿತ್ತುಕೊಂಡದ್ದನ್ನು ಬರುವಾಗ ಕೊಡುತ್ತದೆ, ಲೆಕ್ಕ ಸರಿಹೋಯಿತು' ಎಂದು ನಿಮಗೆ ಅನ್ನಿಸಬಹುದು. ಸರಾಸರಿ ತೆಗೆದರೆ ಇನ್ನೂ ಸಂತೋಷವಾಗುತ್ತದೆ. 37 ಮತ್ತು 95ರ ಸರಾಸರಿ 66. ಗಾಳಿ ಇಲ್ಲದ ದಿನದ 58ಕ್ಕಿಂತ ಹೆಚ್ಚು! ಗಾಳಿಯಿಂದ ಲಾಭವೇ ಆಯಿತೆ?

ಖಂಡಿತ ಇಲ್ಲ. ತಪ್ಪಿರುವುದು ಸರಾಸರಿ ತೆಗೆದ ಕ್ರಮದಲ್ಲಿ. ಒಂದು ದಿಕ್ಕಿಗೆ 30 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಹೋಗುವಾಗ 30 × 162 = 4,860 ಕಿಲೋಜೌಲ್, ಅಂದರೆ 0.81 ಲೀಟರ್. ಬರುವಾಗ 30 × 63 = 1,890 ಕಿಲೋಜೌಲ್, ಅಂದರೆ 0.315 ಲೀಟರ್. ಒಟ್ಟು 60 ಕಿಲೋಮೀಟರಿಗೆ 1.125 ಲೀಟರ್. ಮೈಲೇಜ್ 53 ಮಾತ್ರ. ಗಾಳಿ ಇಲ್ಲದ ದಿನ ಇದೇ ದೂರಕ್ಕೆ 1.04 ಲೀಟರ್ ಸಾಕಾಗುತ್ತಿತ್ತು.

ಕೂಡಬೇಕಾದದ್ದು ಪೆಟ್ರೋಲನ್ನು, ಮೈಲೇಜನ್ನಲ್ಲ. ಕಡಿಮೆ ಮೈಲೇಜ್ ಕೊಟ್ಟ ಹಾದಿ ಹೆಚ್ಚು ಪೆಟ್ರೋಲು ಕುಡಿದಿರುವುದರಿಂದ ಅದರ ತೂಕವೂ ಹೆಚ್ಚು. ಗಣಿತದ ಶಿಕ್ಷಕರು ಇಲ್ಲಿ ಹರಾತ್ಮಕ ಸರಾಸರಿಯನ್ನು ಗುರುತಿಸಬಹುದು. ತರಗತಿಯಲ್ಲಿ ಅದನ್ನು ವಿವರಿಸಲು ಬೈಕಿನ ಟ್ಯಾಂಕಿಗಿಂತ ಒಳ್ಳೆಯ ಉದಾಹರಣೆ ಸಿಗದು.

ನಷ್ಟ ತುಂಬದಿರುವ ಕಾರಣವನ್ನು ಬೀಜಗಣಿತವೂ ಹೇಳುತ್ತದೆ. ಬೈಕಿನ ವೇಗ 'ವೇ', ಗಾಳಿಯ ವೇಗ 'ಗಾ' ಆಗಿರಲಿ. ಆಗ

(ವೇ + ಗಾ)² + (ವೇ − ಗಾ)² = 2ವೇ² + 2ಗಾ²

ಗಾಳಿ ಇಲ್ಲದಿದ್ದರೆ ಉಳಿಯುವುದು 2ವೇ² ಮಾತ್ರ. 2ಗಾ² ಎಂಬುದು ಗಾಳಿ ವಸೂಲು ಮಾಡುವ ಸುಂಕ. ಯಾವ ದಿಕ್ಕಿನಿಂದ ಬೀಸಿದರೂ ಈ ಸುಂಕ ಪೂರ್ತಿ ತಪ್ಪದು. ನೇರ ಅಡ್ಡಗಾಳಿಯನ್ನೇ ನೋಡಿ. ಆಗ ಗಾಳಿಗೆ ಸಾಪೇಕ್ಷವಾದ ವೇಗ 15² + 5²ರ ವರ್ಗಮೂಲ, ಅಂದರೆ 15.8. ಹಿಂದಕ್ಕೆಳೆಯುವ ಘಟಕ 0.33 × 15.8 × 15, ಸುಮಾರು 78 ನ್ಯೂಟನ್. ನಿಶ್ಚಲ ಗಾಳಿಯ 74ಕ್ಕಿಂತ ಇದೂ ಹೆಚ್ಚೇ.

ನಿಧಾನಕ್ಕೆ ಸಿಗುವ ಪ್ರತಿಫಲ

ಎದುರುಗಾಳಿಯಲ್ಲಿ ಸವಾರನ ಕೈಯಲ್ಲಿರುವ ಮುಖ್ಯ ಸಾಧನ ಆಕ್ಸಿಲರೇಟರು. ಗಂಟೆಗೆ 54ರ ಬದಲು 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರಿನಂತೆ ಹೋದರೆ ಸಾಪೇಕ್ಷ ವೇಗ 10 + 5 = 15 ಮೀಟರ್. ಬಲ 104 ನ್ಯೂಟನ್. ನಿಶ್ಚಲ ಗಾಳಿಯಲ್ಲಿ 54ರ ವೇಗಕ್ಕೆ ಬೇಕಾದಷ್ಟೇ! 30 ಕಿಲೋಮೀಟರಿಗೆ 0.29 ಲೀಟರ್ ಉಳಿತಾಯ. ಲೀಟರಿಗೆ 100 ರೂಪಾಯಿ ಎಂದರೂ 29 ರೂಪಾಯಿ. ಇದಕ್ಕೆ ನೀವು ತೆರಬೇಕಾದದ್ದು ಸುಮಾರು 17 ನಿಮಿಷ. ಶಾಲೆಯ ಪ್ರಾರ್ಥನೆಗೆ ತಡವಾಗಬಾರದೆಂದರೆ ಆ ನಿಮಿಷಗಳನ್ನು ಬೆಳಗ್ಗೆ ಮನೆಯಲ್ಲೇ ಉಳಿಸಬೇಕು.

ವೇಗ ಏರಿಸಿದರೆ? 72 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಗೆ 236 ನ್ಯೂಟನ್ ಬಲ ಬೇಕು. ನಮ್ಮ ಲೆಕ್ಕದಲ್ಲಿ ಮೈಲೇಜ್ 25ಕ್ಕೆ ಬರುತ್ತದೆ.

ಉಳಿದ ಸಂಗತಿಗಳು

ಟೈರಿನ ಗಾಳಿ: ಹೊರಗಿನ ಗಾಳಿಯಂತೆ ಟೈರಿನೊಳಗಿನ ಗಾಳಿಯೂ ಮುಖ್ಯ. ಒತ್ತಡ ಕಡಿಮೆಯಾಗಿ ಉರುಳು ಘರ್ಷಣೆ 30ರಿಂದ 40 ನ್ಯೂಟನ್ನಿಗೆ ಏರಿದರೆ 54ರ ವೇಗದಲ್ಲಿ ಸುಮಾರು 10%, 36ರ ವೇಗದಲ್ಲಿ ಸುಮಾರು 16% ಹೆಚ್ಚು ಪೆಟ್ರೋಲು ಬೇಕು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗಿಳಿದರೆ ಈ ಘರ್ಷಣೆ ಹಲವು ಪಟ್ಟು ಏರುತ್ತದೆ.

ನಿಲುಗಡೆ: 54ರ ವೇಗದಲ್ಲಿರುವ ಬೈಕಿನ ಚಲನಶಕ್ತಿ ½ × 200 × 15² = 22.5 ಕಿಲೋಜೌಲ್. ಬ್ರೇಕ್ ಹಾಕಿದಾಗ ಇದಿಷ್ಟೂ ಶಾಖವಾಗುತ್ತದೆ. ಐದು ಸಲ ಹೀಗೆ ನಿಂತು ಹೊರಟರೆ ಒಂದು ಕಿಲೋಮೀಟರಿನ ಪೆಟ್ರೋಲು ಹೋಯಿತು. ಮುಂದೆ ಕುರಿಹಿಂಡು ಕಂಡೊಡನೆ ಆಕ್ಸಿಲರೇಟರ್ ಬಿಟ್ಟರೆ ಬ್ರೇಕಿನ ಕೆಲಸವನ್ನು ವಾಯುರೋಧವೇ ಮಾಡಿಕೊಡುತ್ತದೆ.

ಏರು: 50 ಮೀಟರ್ ಎತ್ತರದ ಗುಡ್ಡ ಹತ್ತಲು 98 ಕಿಲೋಜೌಲ್ ಹೆಚ್ಚುವರಿ ಬೇಕು. ಸಮತಟ್ಟಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಹೋದಂತೆ.

ಹಿಂದಿನ ಸವಾರ: 60 ಕಿಲೋಗ್ರಾಂ ತೂಕದವರು ಹಿಂದೆ ಕುಳಿತರೆ ಉರುಳು ಘರ್ಷಣೆ ಸುಮಾರು 9 ನ್ಯೂಟನ್ ಏರುತ್ತದೆ. ಮುಂದಿನವರ ಮರೆಯಲ್ಲೇ ಇರುವುದರಿಂದ ವಾಯುರೋಧ ಹೆಚ್ಚೇನೂ ಬದಲಾಗದು. ಇಬ್ಬರು ಶಿಕ್ಷಕರು ಎರಡು ಬೈಕು ತರುವ ಬದಲು ಒಂದರಲ್ಲೇ ಬಂದರೆ ಖರ್ಚು ಅರ್ಧಕ್ಕೆ ಹತ್ತಿರ ಬರುತ್ತದೆ. ಅದೇ ಎರಡೂ ಬದಿಗೆ ಚಾಚಿಕೊಂಡ ಮೇವಿನ ಹೊರೆ ಹಗುರವಾಗಿದ್ದರೂ ದುಬಾರಿ. ಅದು ಎದುರು ಮುಖದ ವಿಸ್ತೀರ್ಣವನ್ನೇ ಹಿಗ್ಗಿಸುತ್ತದೆ.

ವಾಯುರೋಧ ತಪ್ಪಿಸಲು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವವರಿದ್ದಾರೆ. ಭೌತವಿಜ್ಞಾನದ ದೃಷ್ಟಿಯಿಂದ ಇದು ಸರಿ, ಜೀವದ ದೃಷ್ಟಿಯಿಂದ ತಪ್ಪು. ಲಾರಿ ಹಠಾತ್ತನೆ ನಿಂತರೆ ನಿಮಗೆ ಉಳಿದಿರುವ ದೂರ ಸಾಕಾಗದು. ಅದರ ಮರೆಯಿಂದ ಹೊರಬಂದ ಕ್ಷಣ ಅಡ್ಡಗಾಳಿ ಒಮ್ಮೆಗೇ ತಳ್ಳುತ್ತದೆ. ಹತ್ತಾರು ರೂಪಾಯಿಗಾಗಿ ಈ ಸಾಹಸ ಬೇಡ.

ಕಂಪನಿ ಹೇಳಿದ ಮೈಲೇಜ್ ಏಕೆ ಬರುವುದಿಲ್ಲ?

ಪ್ರಮಾಣೀಕರಣಕ್ಕಾಗಿ ಬೈಕನ್ನು ಪ್ರಯೋಗಾಲಯದೊಳಗೆ ಉರುಳೆಗಳ ಮೇಲೆ ನಿಗದಿತ ವೇಗಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ಪುಣೆಯ ಎಆರ್‌ಎಐ ಇಂಥ ಪರೀಕ್ಷೆ ನಡೆಸುವ ಸಂಸ್ಥೆ. ಬೈಕಿನ ವೇಗದಿಂದ ಉಂಟಾಗುವ ವಾಯುರೋಧಕ್ಕೆ ಸಮನಾದ ತಡೆಯನ್ನು ಉರುಳೆಯೇ ಒಡ್ಡುತ್ತದೆ. ಆದರೆ ಅಲ್ಲಿ ಆಷಾಢದ ಗಾಳಿಯಿಲ್ಲ, ಏರಿಲ್ಲ, ಕೆಸರಿಲ್ಲ. ಆ ಅಂಕಿ ಒಂದು ಬೈಕನ್ನು ಇನ್ನೊಂದರೊಂದಿಗೆ ಹೋಲಿಸಲು ಯೋಗ್ಯ, ನಿಮ್ಮ ರಸ್ತೆಯ ಭವಿಷ್ಯ ಹೇಳಲು ಅಲ್ಲ.

ನೀವೇ ಮಾಡಿ ನೋಡಿ

ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ. ಒಂದು ವಾರ ಓಡಿಸಿ ಮತ್ತೆ ಅದೇ ಗುರುತಿನವರೆಗೆ ತುಂಬಿಸಿ. ಹಾಕಿದ ಪೆಟ್ರೋಲು, ಸಾಗಿದ ದೂರ, ಗಾಳಿಯ ಬಿರುಸು, ಮಳೆ, ಟೈರಿನ ಒತ್ತಡ ಇವನ್ನು ಬರೆದಿಡಿ. ಮುಂಗಾರು, ಹಿಂಗಾರು, ಬೇಸಿಗೆ ಹೀಗೆ ವರ್ಷವಿಡೀ ಬರೆದರೆ ವಿದ್ಯಾರ್ಥಿಗಳಿಗೆ ಒಳ್ಳೆಯ ನಕ್ಷಾಲೇಖ ಸಿದ್ಧವಾಗುತ್ತದೆ. ಹವಾಮಾನ ವರದಿಯ ಗಾಳಿವೇಗವನ್ನು ಬಳಸುವುದಾದರೆ ಒಂದು ಮಾತು ನೆನಪಿರಲಿ. ಅದನ್ನು ಸಾಮಾನ್ಯವಾಗಿ 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ನೆಲಕ್ಕೆ ಹತ್ತಿರವಾದಂತೆ ವೇಗ ಇಳಿಯುತ್ತದೆ. ಗಾಳಿಯಂತ್ರಗಳನ್ನು ಗುಡ್ಡದ ಮೇಲೆ ಎತ್ತರದ ಕಂಬಕ್ಕೇರಿಸುವುದು ಇದೇ ಕಾರಣಕ್ಕೆ.

ಆಷಾಢದಲ್ಲಿ ಮೈಲೇಜ್ ಇಳಿದರೆ ಕೂಡಲೇ ಎಂಜಿನ್ ಬಿಚ್ಚಿಸಬೇಡಿ. ಹಳೆಯ ಬೈಕಾದರೆ ಕಾರ್ಬ್ಯುರೇಟರಿನ ತಿರುಪನ್ನು ತಿರುಗಿಸಿ ಪೆಟ್ರೋಲು ಕಡಿಮೆ ಮಾಡಿಸಲೂ ಹೋಗಬೇಡಿ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತೀರ ಇಳಿದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಮೊದಲು ಟೈರು ನೋಡಿ, ಆಮೇಲೆ ಬಾವುಟ ನೋಡಿ. ಗಾಳಿ ಇಳಿದ ಮೇಲೂ ಮೈಲೇಜ್ ಏರದಿದ್ದರೆ ಆಗ ಮೆಕ್ಯಾನಿಕ್ ಬಳಿಗೆ ಹೋಗಿ.