ಬಡಗರು 'ಬರ್ಗರ್'ಗಳಾದ ಕಥೆ

ಸೋಲೂರು : ನೀಲಗಿರಿಯ ಬಗ್ಗೆ ಬ್ರಿಟಿಷರು ಬರೆದ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದರೆ 'ಬರ್ಗರ್' ಎಂಬ ಜನ ಮತ್ತೆ ಮತ್ತೆ ಸಿಗುತ್ತಾರೆ. ರಿಚರ್ಡ್ ಬರ್ಟನ್ 1851ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲೂ ಇವರಿದ್ದಾರೆ. ಯಾರಪ್ಪ ಇವರು ಅಂತೀರಾ? ಬೇರಾರೂ ಅಲ್ಲ, ನಮ್ಮ ಬಡಗರೇ!

ಇಂಗ್ಲಿಷಿನ ಬರ್ಗರ್ ಎಂದರೆ ಪಟ್ಟಣವಾಸಿ, ಅದರಲ್ಲೂ ಅನುಕೂಲಸ್ಥ ಗೃಹಸ್ಥ. ಡಚ್, ಜರ್ಮನ್ ಭಾಷೆಗಳ ಕಡೆಯಿಂದ ಬಂದ ಪದ. ಇದರ ಮೂಲ 'ಬರ್ಗ್', ಅಂದರೆ ಕೋಟೆ, ಕೋಟೆಯೊಳಗಿನ ಪಟ್ಟಣ. ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರಿನಲ್ಲಿರುವುದೂ ಇದೇ. ಬೇಕರಿಯ ಬರ್ಗರ್ ಹ್ಯಾಂಬರ್ಗರ್ ಎಂಬುದರ ಮೊಟಕು ರೂಪ. ಅಲ್ಲಿಗೆ ತಿಂಡಿಗೂ ಪಟ್ಟಣಿಗನಿಗೂ ಹೆಸರಿನ ಮೂಲ ಒಂದೇ! ಪಟ್ಟಣಿಗ ಎಂಬ ಅರ್ಥದಲ್ಲಿ ಈ ಪದ ಈಗ ಹಳೆಯದಾಗಿದೆ.

ಆದರೆ 'ಬಡಗ' ಪದಕ್ಕೂ ಕೋಟೆಗೂ ಸಂಬಂಧವಿಲ್ಲ. ಕನ್ನಡದಲ್ಲಿ ಬಡಗು ಎಂದರೆ ಉತ್ತರ. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ನೆನಪಿಸಿಕೊಳ್ಳಿ. ತಮಿಳಿನ 'ವ' ಕನ್ನಡದಲ್ಲಿ 'ಬ' ಆಗುವುದು ಎರಡೂ ಭಾಷೆ ಆಡುವ ನಮಗೆ ಹೊಸತಲ್ಲ. ವೇರ್-ಬೇರು, ವಿಲ್-ಬಿಲ್ಲು, ಹಾಗೆಯೇ ವಡಕ್ಕು-ಬಡಗು. ಬಡಗ ಎಂದರೆ ಬಡಗು ದಿಕ್ಕಿನವನು. ಇಲ್ಲಿಂದ ಬಡಗಿಗೆ ಇಳಿದರೆ ಮಸಿನಗುಡಿ, ಮೋಯಾರ್ ಹೊಳೆ, ಅದರಾಚೆ ಮೈಸೂರು ಸೀಮೆ ತಾನೆ? ದೊರೆಗಳ ಕಿವಿಗೆ ಬಡಗರ್ ಎಂಬುದು ತಮಗೆ ಗೊತ್ತಿದ್ದ ಬರ್ಗರ್‌ನಂತೆ ಕೇಳಿತು, ಹಾಗೇ ಬರೆದರು.

ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಪದಕ್ಕೆ ಮೂರು ಅರ್ಥ ಕೊಡುತ್ತದೆ. ಒಂದು, ಸಿಲೋನಿನ ಯೂರೋಪ್ ಮೂಲದ ಬರ್ಗರ್ ಜನ. ಎರಡು, ನೀಲಗಿರಿಯ ಬಡಗರು. ಮೂರು, ಚಾವಣಿಯ ಮರದ ತೊಲೆ. ಇದು ಹಿಂದಿಯ 'ಬರ್ಗಾ'. ಮೂರೂ ಬೇರೆ ಬೇರೆ ಪದಗಳು, ಇಂಗ್ಲಿಷ್ ಬರಹದಲ್ಲಿ ಒಂದಾಗಿಬಿಟ್ಟಿವೆ.

ಆದ್ದರಿಂದ ಹಳೆಯ ದಾಖಲೆಗಳಲ್ಲಿ ತಮ್ಮ ಹಿರಿಯರ ಬಗ್ಗೆ ಹುಡುಕುವವರು ಬಡಗ ಎಂದಷ್ಟೇ ಅಲ್ಲ, ಬರ್ಗರ್ ಎಂದೂ ಹುಡುಕಬೇಕು. ಸಿಲೋನಿನ ಬರ್ಗರ್‌ಗಳ ವಿಷಯ ಸಿಕ್ಕರೆ ನಮ್ಮದೆಂದು ತಿಳಿಯಬಾರದು.

ಇನ್ನೊಂದು ಮಾತು. ವಿಜಯನಗರ ಪತನವಾದ 1565ರ ನಂತರ ಬಡಗರು ಮೈಸೂರು ಕಡೆಯಿಂದ ಬೆಟ್ಟ ಹತ್ತಿದರೆಂದು ಹಲವು ವಿದ್ವಾಂಸರು ಹೇಳುತ್ತಾರೆ. ನಾವು ಇಲ್ಲಿನ ಮೂಲನಿವಾಸಿಗಳೇ ಎನ್ನುವವರೂ ಸಮುದಾಯದಲ್ಲಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಇರುವಾಗ ಇದು ಬರೀ ಪದದ ಜಗಳವಲ್ಲ. ಹೆಸರು ದಿಕ್ಕನ್ನು ಹೇಳುತ್ತದೆ, ಯಾವಾಗ ಬಂದರು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿಗಳೇ ಬೇಕು.