ಕಿವಿಯೇ ಒರೆಗಲ್ಲು

ಒಂದು ಕಾವ್ಯದ ಗುಣವನ್ನು ನಿರ್ಣಯಿಸುವುದು ಎಷ್ಟು ಕಠಿನವೋ ಒಂದು ಹೆಡ್‌ಫೋನಿನ ಗುಣವನ್ನು ನಿರ್ಣಯಿಸುವುದೂ ಅಷ್ಟೇ ಕಠಿನವೆಂದರೆ ಸಹೃದಯರು ನಕ್ಕಾರು. ಆದರೆ ಈ ಉಪಕರಣಗಳ ವಿಮರ್ಶೆಯನ್ನು ಓದಿದವರು ನಗಲಾರರು. ಅಲ್ಲಿ ನಾದವು ಬೆಚ್ಚಗಿರುತ್ತದೆ, ಕಪ್ಪಗಿರುತ್ತದೆ, ಚೂಪಾಗಿರುತ್ತದೆ. ಚರ್ಮದಿಂದಲೂ ಕಣ್ಣಿನಿಂದಲೂ ಮಾತನ್ನು ಕಡ ತಾರದೆ ಕಿವಿ ತನ್ನ ಅನುಭವವನ್ನು ಹೇಳಿಕೊಳ್ಳಲಾರದು. ಲಕ್ಷಣಾವೃತ್ತಿಯನ್ನು ಪಾಠ ಹೇಳುವ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ಸಿಕ್ಕಿಲ್ಲ.

ಕೆಲವು ತಿಂಗಳಿಂದ ನನ್ನ ಮೇಜಿನ ಮೇಲಿರುವುದು ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 600. ಇದು 1997ರಲ್ಲಿ ಹೊರಬಂದದ್ದು. ಆದರೆ ಇದರ ವಂಶ 1968ರ ಎಚ್‌ಡಿ 414ರಿಂದ ಬಂದದ್ದು. ಕಿವಿಯನ್ನು ಬಿಗಿಯಾಗಿ ಮುಚ್ಚುವುದೇ ರೂಢಿಯಾಗಿದ್ದ ಕಾಲದಲ್ಲಿ ಆ ಪುಟ್ಟ ಯಂತ್ರ ತನ್ನ ಬೆನ್ನನ್ನು ತೆರೆದಿಟ್ಟಿತು. ಒಳಗಿನ ತೆಳುಪೊರೆ ಗಾಳಿಯನ್ನು ಮುಂದಕ್ಕೆ ತಳ್ಳುವಷ್ಟೇ ಹಿಂದಕ್ಕೂ ತಳ್ಳುತ್ತದೆ. ಹಿಂಬದಿ ಮುಚ್ಚಿದ್ದರೆ ಆ ಅಲೆ ಗೋಡೆಗೆ ಬಡಿದು ಮರಳಿ ನಾದವನ್ನು ಕಲಕಬಹುದು. ಜಾಲರಿಯಿದ್ದರೆ ಹೊರಗೆ ಹೋಗುತ್ತದೆ. ಹೋಗುವ ದಾರಿ ಬರುವ ದಾರಿಯೂ ಹೌದಷ್ಟೆ! ಬೀದಿಯ ಸೊಪ್ಪಿನವಳ ಕೂಗೂ ಅಡಿಗೆಮನೆಯ ಒಗ್ಗರಣೆಯೂ ರಾಗದೊಡನೆ ಸೇರಿಯೇ ಕೇಳಿಸುತ್ತವೆ.

ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣಗಳಿಂದ ಇದನ್ನು ಒರೆಗೆ ಹಚ್ಚಿದೆ. ಕಂಠದ ನಡುಸ್ತರದಲ್ಲಿ ಇದರ ಪ್ರಾಮಾಣಿಕತೆಗೆ ಸಾಟಿಯಿಲ್ಲವೆಂದೇ ನನ್ನ ಮತ. ತಾನಗಳ ನಡುವೆ ಸೆಳೆದ ಉಸಿರು, ತಂಬೂರಿಯ ಜವಾರಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಳೆಯ ತಟ್ಟೆಯ ಕರಕರವೂ ಹಾಗೆಯೇ ನಿಲ್ಲುತ್ತದೆನ್ನಿ. ಡಗ್ಗಾದ ಆಳ ಮಾತ್ರ ಕೊಂಚ ಸೊರಗುತ್ತದೆ. ಸಭೆಯಲ್ಲಿ ಎದೆಗೆ ತಾಗುವ ಪೆಟ್ಟು ಇಲ್ಲಿ ಕಿವಿಗಷ್ಟೇ ತಾಗುತ್ತದೆ. 300 ಓಮ್ ರೋಧವಿರುವುದರಿಂದ ಕೈಫೋನು ಇದನ್ನು ಏದುಸಿರಿನಿಂದ ನಡೆಸುತ್ತದೆ. ಬೇರೆ ವರ್ಧಕವಿದ್ದರೇ ಲೇಸು.

ಸೌಖ್ಯವು ನಾದಕ್ಕೆ ಹೊರಗಿನ ಸಂಗತಿಯೆಂದು ಹಲವರು ಬಗೆಯುತ್ತಾರೆ. ಹಾಗಲ್ಲ. ಹೊಸತರಲ್ಲಿ ಇದರ ಹಿಡಿತ ಬಿಗಿ. ನನ್ನ ಕನ್ನಡಕದ ಕಡ್ಡಿ ಕಪೋಲಕ್ಕೆ ಒತ್ತುತ್ತದೆ. ಅದೇ ಕಡ್ಡಿ ಮಖಮಲ್ಲಿನ ಮೆತ್ತೆಯನ್ನು ಎತ್ತಿಹಿಡಿದು ಸಂದು ಮಾಡುವುದರಿಂದ ಮಂದ್ರ ಇನ್ನಷ್ಟು ಸೋರಿಹೋಗುತ್ತದೆ. ಮೆತ್ತೆ ಸವೆದರೆ ಪೊರೆ ಕಿವಿಗೆ ಹತ್ತಿರವಾಗಿ ನಾದದ ಬಣ್ಣವೇ ಬೇರೆಯಾಗುತ್ತದೆ.

ಕೇಳುವ ಕಿವಿಯೂ ಒಂದೇ ಅಲ್ಲ. ವಯಸ್ಸಾದಂತೆ ತಾರದ ಕಂಪನಗಳು ಮೊದಲು ಕೈಬಿಡುತ್ತವೆ. ನನ್ನ ತಾಯಿಗೆ ಈಗ 'ಸ'ಕಾರ 'ತ'ಕಾರಗಳು ತಪ್ಪುತ್ತಿವೆ. ಮನೆಯವರ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಾರೆ. ಒಂದು ಸಂಜೆ ಶ್ರವಣಯಂತ್ರವನ್ನು ತೆಗೆದಿರಿಸಿ ಇದನ್ನು ತೊಡಿಸಿದೆ. ಒಂದು ವಚನ ಮುಗಿಯುವವರೆಗೆ ಮಾತಾಡಲಿಲ್ಲ. ತುಟಿಗಳು ಮಾತ್ರ ಸಾಹಿತ್ಯದೊಡನೆ ಚಲಿಸುತ್ತಿದ್ದವು. ಮುಗಿದ ಮೇಲೆ, "ಇನ್ನೂ ಜೋರು ಮಾಡು" ಎಂದರು. ಜೋರು ಮಾಡಲು ನನ್ನ ಕೈ ಬರಲಿಲ್ಲ. 80 ಡೆಸಿಬೆಲ್ ನಾದವಾದರೆ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿದ ಮಿತಿ. ಉಳಿದಿರುವಷ್ಟು ಕಿವಿಯನ್ನೂ ಸಂಗೀತಕ್ಕೇ ತೆತ್ತುಬಿಡಬಹುದೆ? ಅಷ್ಟರಲ್ಲಿ ಅವರೇ ಕಳಚಿ ಕೈಗಿತ್ತರು. ತೂಕ 260 ಗ್ರಾಂ. ಅವರ ಕೊರಳಿಗೆ ಅದೂ ಹೆಚ್ಚು. "ಹಾಡು ಚೆನ್ನ, ಕಿರೀಟ ಭಾರ" ಎಂದರು. ಈಗ ದಿನಕ್ಕೊಂದು ವಚನ, ಒರಗುಕುರ್ಚಿಯಲ್ಲಿ, ತಲೆಗೆ ದಿಂಬಿನ ಆಸರೆಯಿಟ್ಟು.